ಸೈಟು ನನ್ನದು, ಪಂಚೆ ಅವರದು

ನನ್ನ ಖಾಲಿ ಸೈಟಿನಲ್ಲಿ ಒಂದು ಬೋರ್ಡ್ ಇದೆ. "ಅತಿಕ್ರಮ ಪ್ರವೇಶ ಶಿಕ್ಷಾರ್ಹ." ನಾನೇ ದುಡ್ಡು ಕೊಟ್ಟು ಬರೆಸಿದ್ದು. ಈಗ ಅದರ ಕಂಬಕ್ಕೆ ಯಾರೋ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದಾರೆ. 'ಶಿಕ್ಷಾರ್ಹ' ಅನ್ನೋ ಪದದ ಮೇಲೆ ಒದ್ದೆ ಪಂಚೆ.

ಕಾನೂನು ಮಾತ್ರ ಬಲು ನಾಜೂಕು. ಕೇಳದೆ ಪರರ ಜಾಗಕ್ಕೆ ಕಾಲಿಟ್ಟರೆ ಸಾಕು, ಹುಲ್ಲುಕಡ್ಡಿಯೂ ಮುರಿಯಬೇಕಿಲ್ಲ, ತಪ್ಪು ತಪ್ಪೇ. ಇಂಗ್ಲೆಂಡಿನಲ್ಲಿ 1957ರಲ್ಲಿ ಒಂದು ಸಿಗರೇಟ್ ಕಂಪನಿಯ ಬೋರ್ಡು ಪಕ್ಕದ ಅಂಗಡಿಯ ಮೇಲಿನ ಗಾಳಿಯಲ್ಲಿ 8 ಇಂಚು ಚಾಚಿಕೊಂಡಿತ್ತು. ಕೋರ್ಟ್ ಅದನ್ನೂ ತೆಗೆಸಿತು! ನನ್ನ ಪಂಚೆ ಕಥೆ ಕೇಳಿದ ಪೊಲೀಸರು ಹೇಳಿದ್ದು ಇಷ್ಟೇ: "ಸಿವಿಲ್ ಮ್ಯಾಟರ್ ಸಾರ್." ಅಪರಾಧ ಆಗಬೇಕಾದರೆ ಬೆದರಿಸುವ, ಅವಮಾನಿಸುವ, ಕಿರಿಕಿರಿ ಮಾಡುವ ಇಲ್ಲವೇ ಇನ್ನೇನಾದರೂ ಅಪರಾಧ ಮಾಡುವ ಉದ್ದೇಶ ಇರಬೇಕಂತೆ. ಪಾಪ, ಅವರಿಗೆ ಇದ್ದದ್ದು ಒಣಗಿಸುವ ಉದ್ದೇಶ.

ಹಳ್ಳಿಯಲ್ಲಿ ಇದಕ್ಕೆ ಬದು ಒತ್ತೋದು ಅಂತಾರೆ. ವರ್ಷಕ್ಕೊಂದು ಗೇಣು. ಬೈದರೆ ತಪ್ಪು ನೇಗಿಲಿನದು. ಅದೇನೋ, ಆ ನೇಗಿಲಿಗೆ ಯಾವಾಗಲೂ ಪಕ್ಕದವನ ಹೊಲದ ಕಡೆಗೇ ಎಳೆತ ಜಾಸ್ತಿ. ಒಮ್ಮೆಯೂ ಈ ಕಡೆ ವಾಲಿದ್ದನ್ನು ಯಾರೂ ಕಂಡಿಲ್ಲ. ಬಾಂದು ಕಲ್ಲಿಗೂ ಕಾಲು ಬರುತ್ತದೆ.

ಇದಕ್ಕೆ ಬಹುಮಾನವೂ ಉಂಟು. 1963ರ ಕಾಲಮಿತಿ ಕಾಯ್ದೆ ಪ್ರಕಾರ ಮಾಲೀಕ 12 ವರ್ಷ ಸುಮ್ನೆ ಇದ್ದರೆ ಜಾಗ ಕೂತವನದು. ಸರ್ಕಾರಿ ಜಾಗಕ್ಕೆ 30 ವರ್ಷ. ಆದರೆ ಕದ್ದುಮುಚ್ಚಿ ಕೂರಬಾರದು, ರಾಜಾರೋಷವಾಗಿ ಕೂರಬೇಕು. ನಾಚಿಕೆ ಇದ್ದವನಿಗೆ ಕಾನೂನಿನಲ್ಲಿ ಜಾಗವಿಲ್ಲ.

ಹರಿಯಾಣದ ಕೇಸು ಗೊತ್ತಲ್ವಾ? ಖಾಸಗಿಯವರ ಜಾಗದಲ್ಲಿ ಕೂತದ್ದು ಪೊಲೀಸ್ ಇಲಾಖೆ. ಬಹಳ ವರ್ಷದಿಂದ ಇದ್ದೀವಿ, ಹಾಗಾಗಿ ಇದು ನಮ್ಮದು ಅಂತ ಸರ್ಕಾರವೇ ದಾವೆ ಹಾಕಿತು. ಕೆಳಗಿನ ಕೋರ್ಟುಗಳಲ್ಲಿ ಸೋತರೂ ಬಿಡದೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2011ರಲ್ಲಿ ಅಲ್ಲಿ ಚೆನ್ನಾಗಿ ಬೈಸಿಕೊಂಡು 50,000 ರೂಪಾಯಿ ದಂಡ ಕಟ್ಟಬೇಕಾಯಿತು. ಈ ಕಾನೂನು ತರ್ಕಕ್ಕೆ ನಿಲ್ಲೋದಿಲ್ಲ ಅಂತ ಅದೇ ಕೋರ್ಟ್ 2008ರಲ್ಲೇ ಹೇಳಿತ್ತು. ಕಾನೂನು ಇನ್ನೂ ಹಾಗೇ ಇದೆ.

ನಗು ಬರುತ್ತಿಲ್ಲ ಈಗ. ಸಾಲ ಮಾಡಿ ಸೈಟು ಕೊಂಡವನು ತನ್ನ ಜಾಗ ತನ್ನದೇ ಅಂತ ತೋರಿಸೋಕೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕು. ಕೂತವನು ಸುಮ್ನೆ ಕೂತಿದ್ದರೆ ಸಾಕು.

ನಿನ್ನೆ ಹೋಗಿ ನೋಡಿದೆ. ಹಗ್ಗಕ್ಕೆ ಇನ್ನೊಂದು ಗೂಟ ನೆಟ್ಟಿದ್ದಾರೆ. ಅದರ ಬುಡಕ್ಕೆ ಸಿಮೆಂಟ್ ಹಾಕಿದ್ದಾರೆ.