ಆಡುಮಾತಿನ ಇಂಗ್ಲಿಷ್ ಅಂದರೆ ಸ್ಲ್ಯಾಂಗ್ ಅಲ್ಲ
ಇಂಗ್ಲಿಷ್ ಮಾತಿನ ಬಗ್ಗೆ ನೀವು ಬರೆದ ಲೇಖನದಲ್ಲಿ ಆಡುಮಾತಿನ ಇಂಗ್ಲಿಷನ್ನೂ ಸ್ಲ್ಯಾಂಗನ್ನೂ, ಅಂದರೆ ಗೆಳೆಯರ ಗುಂಪಿನಂಥ ಕಡೆ ಸಲ್ಲುವ ತೀರಾ ಸಲುಗೆಯ ಪದಗಳನ್ನೂ, ಒಂದೇ ಮಾಡಿದ್ದೀರಿ. ‘ಐ ಆ್ಯಮ್’ ಬದಲು ‘ಐಮ್’ ಅನ್ನುವುದು ಸ್ಲ್ಯಾಂಗ್ ಅಲ್ಲ, ಪ್ರೊಫೆಸರ್‌ಗಳೂ ಹಾಗೇ ಮಾತಾಡುತ್ತಾರೆ. ಆದರೆ ‘ಯೆಸ್, ಐ ಆ್ಯಮ್’ ಅನ್ನುವ ಉತ್ತರವನ್ನು ‘ಯೆಸ್, ಐಮ್’ ಎಂದು ಮೊಟಕು ಮಾಡುವಂತಿಲ್ಲ. ವಾಕ್ಯದ ಕೊನೆಯಲ್ಲಿ ಪೂರ್ತಿ ರೂಪವೇ ಬರಬೇಕು.

ನಮ್ಮವರು ನಿಜಕ್ಕೂ ಎಡವುವುದು ‘ಕ್ಯಾನ್’ ಹತ್ತಿರ. ‘ಐ ಕ್ಯಾನ್ ಕಮ್’ ಅನ್ನುವಾಗ ‘ಕ್ಯಾನ್’ ಒತ್ತಿ ಹೇಳಿದರೆ ಅಮೆರಿಕದವರಿಗೆ ಎಷ್ಟೋ ಸಲ ‘ಕ್ಯಾಂಟ್’ ಎಂದು ಕೇಳಿಸುತ್ತೆ. ಅವರ ‘ಕ್ಯಾಂಟ್’ನಲ್ಲಿ ಕೊನೆಯ ‘ಟ್’ ಹೆಚ್ಚಾಗಿ ಬಾಯೊಳಗೇ ನಿಂತುಬಿಡುತ್ತೆ, ಹಾಗಾಗಿ ಒತ್ತು ಎಲ್ಲಿದೆ ಅನ್ನುವುದರ ಮೇಲೇ ಅರ್ಥ ಹಿಡಿಯುತ್ತಾರೆ. ‘ಕ್ಯಾನ್’ ಅನ್ನು ‘ಕನ್’ ಎಂದು ಅರ್ಧ ನುಂಗಿ, ಭಾರವೆಲ್ಲ ‘ಕಮ್’ ಮೇಲೆ ಹಾಕಿ. ಫೋನಿನಲ್ಲಂತೂ ಇದನ್ನು ಮರೀಬೇಡಿ, ಬರ್ತೀನಿ ಅಂದದ್ದು ಬರಲ್ಲ ಅಂತ ಆಗಿಬಿಡುತ್ತೆ.