ಎರಡು ಕಡಲಿಗೆ ಒಂದೇ ಊರಿನ ಪ್ರಸಾದ

ಹುಬ್ಬಳ್ಳಿಯ ಕೊಳಚೆ ಹೊರುವ ಉಣಕಲ್ ನಾಲಾದ ದಂಡೆಗೆ ಸ್ಮಾರ್ಟ್ ಸಿಟಿಯವರು ಹಾಕಿಸಿದ ಸೈಕಲ್ ಹಾದಿಯನ್ನು ಹೀಗಳೆಯುವವರಿಗೆ ರಸಿಕತೆ ಸಾಲದು. ಒಂದು ಕೈ ಮೂಗಿಗೆ ಹೋದರೆ ಹ್ಯಾಂಡಲ್ಲಿಗೆ ಒಂದೇ ಕೈ ಉಳಿಯುತ್ತದೆ ಎಂಬುದು ಅವರ ತಕರಾರು. ಸರಿ, ಸಮತೋಲನವನ್ನೂ ಕಲಿತಂತಾಯಿತಲ್ಲ!

ನನಗಂತೂ ಆ ಕಪ್ಪು ನೀರಿನ ಮೇಲೆ ಅಭಿಮಾನ. ಹುಬ್ಬಳ್ಳಿ-ಧಾರವಾಡ ಅವಳಿ ನಗರ ಕೂತಿರುವುದು ನೀರು ಇಬ್ಭಾಗವಾಗುವ ದಿಣ್ಣೆಯ ಮೇಲೆ. ಪಶ್ಚಿಮದ ಹರಿವು ಬೇಡ್ತಿಯನ್ನು ಸೇರಿ, ಘಟ್ಟ ಇಳಿದು, ಗಂಗಾವಳಿ ಎಂಬ ಪವಿತ್ರ ಹೆಸರು ಪಡೆದು, ಮಂಜುಗುಣಿಯ ಬಳಿ ಅರಬ್ಬಿ ಸಮುದ್ರ ಕಾಣುತ್ತದೆ. ಪೂರ್ವದ್ದು ಬೆಣ್ಣಿಹಳ್ಳ, ಮಲಪ್ರಭಾ, ಕೃಷ್ಣಾ ಹಿಡಿದು ಬಂಗಾಳ ಕೊಲ್ಲಿಗೆ. ಮಹದಾಯಿ ನೀರಿಗಾಗಿ ದಶಕಗಳಿಂದ ಹೋರಾಡುತ್ತಿರುವ ನಾವು, ಕೊಡುವ ವಿಷಯದಲ್ಲಿ ಮಾತ್ರ ಯಾವ ನ್ಯಾಯಮಂಡಳಿಗೂ ಕಾದವರಲ್ಲ.

ಕೊಡುವುದೂ ಬರೀ ಕೊಳಚೆಯಲ್ಲ, ಔಷಧ ಬೆರೆತ ಕೊಳಚೆ. ನೆಗಡಿಯಾದರೆ ಸಾಕು, ಔಷಧದ ಅಂಗಡಿಯಲ್ಲಿ "ಸ್ವಲ್ಪ ಜೋರಾದದ್ದು ಕೊಡಿರಿ" ಎನ್ನುತ್ತೇವೆ. ಸೆಫಿಕ್ಸಿಮ್ ಎಂಬ ಆಂಟಿಬಯಾಟಿಕ್‌ನ ಹತ್ತು ಗುಳಿಗೆಗಳ ಪಟ್ಟಿಗೆ ಕತ್ತರಿ ಬಿದ್ದು ನಾಲ್ಕು ಕೈಗೆ ಬರುತ್ತವೆ. ನೆಗಡಿ ತರುವುದು ವೈರಸ್, ಗುಳಿಗೆ ಕೊಲ್ಲುವುದು ಬ್ಯಾಕ್ಟೀರಿಯಾವನ್ನು, ಇಬ್ಬರಿಗೂ ಮುಖಪರಿಚಯವಿಲ್ಲ. ಚೀಟಿ ಇಲ್ಲದೆ ಕೊಡಬಾರದು, ಕೊಟ್ಟದ್ದನ್ನು ಪ್ರತ್ಯೇಕ ವಹಿಯಲ್ಲಿ ಬರೆದಿಡಬೇಕು ಎಂಬ ಎಚ್1 ನಿಯಮ 2014ರಿಂದ ಜಾರಿಯಲ್ಲಿದೆ. ಪಟ್ಟಿಯ ಮೇಲೆ ಕೆಂಪು ಗೆರೆಯೂ ಇದೆ. ಕತ್ತರಿ ನೆಟ್ಟಗೆ ಹೋಗಲಿ ಎಂದು ಎಳೆದಿರಬೇಕು.

ದೇಹ ಬಳಸದೆ ಬಿಟ್ಟ ಔಷಧ, ಅದನ್ನು ಗೆದ್ದು ಬಂದ ಬ್ಯಾಕ್ಟೀರಿಯಾ, ಎರಡೂ ಒಂದೇ ಚರಂಡಿಯಲ್ಲಿ ಹೊರಡುತ್ತವೆ. ದಾರಿಯಲ್ಲಿ ಈ ಬ್ಯಾಕ್ಟೀರಿಯಾ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ಮೂಲಕ ತನ್ನ ವಿದ್ಯೆಯನ್ನು ಸಿಕ್ಕವರಿಗೆಲ್ಲ, ಜಾತಿ ಕೇಳದೆ, ಧಾರೆ ಎರೆಯುತ್ತದೆ. ಊರಂಚಿನ ಹೊಲಗಳಲ್ಲಿ ಇದೇ ನೀರು ಕುಡಿದ ತರಕಾರಿ ಮರಳಿ ನಮ್ಮ ತಾಟಿಗೇ ಬರುತ್ತದೆ. ಅತಿಥಿಗಳಿಗೆ ಮಾತ್ರ ಕೊಟ್ಟೆವು ಎಂಬ ಅಪವಾದ ಬೇಡ.

ಕಡಲ ಕಡೆಯ ಕಥೆ ಇನ್ನೂ ಸೊಗಸು. ಹೊನ್ನಾವರದ ಕಾಸರಕೋಡಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ ಕಡಲತೀರಕ್ಕೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ, ಬಂತು. ಆ ಬಾವುಟಕ್ಕಾಗಿ ನೀರಿನಲ್ಲಿ ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಎಣಿಸುತ್ತಾರೆ. ಅದು ಯಾವ ಔಷಧಕ್ಕೆ ಬಗ್ಗುವುದಿಲ್ಲ ಎಂಬುದು ಲೆಕ್ಕಕ್ಕಿಲ್ಲ. ತಲೆ ಎಣಿಸಬೇಕು, ಕೈಯಲ್ಲಿರುವ ಮಚ್ಚು ನೋಡಬಾರದು. ಬ್ರಿಟನ್ನಿನಲ್ಲಿ ನೋಡಿದರು. 2018ರ ಅಧ್ಯಯನದಲ್ಲಿ ಸೆಫೊಟ್ಯಾಕ್ಸಿಮ್ ಎಂಬ ಆಂಟಿಬಯಾಟಿಕ್‌ಗೆ ಮಣಿಯದ ಇ. ಕೋಲಿ ಸಿಕ್ಕಿದ್ದು ಕಡಲಲೆಗಳ ಮೇಲೆ ಹಲಗೆ ಸವಾರಿ (ಸರ್ಫಿಂಗ್) ಮಾಡುವ ನೂರರಲ್ಲಿ ಸುಮಾರು 9 ಮಂದಿಯ ಕರುಳಿನಲ್ಲಿ, ಮಾಡದ ನೂರರಲ್ಲಿ ಸುಮಾರು 3 ಮಂದಿಯಲ್ಲಿ.

ನಮ್ಮವರೂ ಸುಮ್ಮನಿರಲಿಲ್ಲ. ಔಷಧ ಕಾರ್ಖಾನೆಗಳ ತ್ಯಾಜ್ಯ ನೀರಿನಲ್ಲಿ ಆಂಟಿಬಯಾಟಿಕ್ ಎಷ್ಟಿರಬಹುದೆಂದು ಕೇಂದ್ರ ಸರ್ಕಾರ 2020ರಲ್ಲಿ ಕರಡು ಮಿತಿ ಬರೆಯಿತು. 2021ರ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳೇ ಇರಲಿಲ್ಲ. ಈ ದೇಶದಲ್ಲಿ ಸಂಪೂರ್ಣ ಶುದ್ಧೀಕರಣಗೊಂಡದ್ದು ಆ ಕರಡು ಒಂದೇ.

ನಗುವುದಕ್ಕೂ ಬೇಸರವಾಗಿದೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ 2019ರಲ್ಲಿ ಜಗತ್ತಿನಲ್ಲಿ ನೇರವಾಗಿ ಸತ್ತವರು ಸುಮಾರು 12.7 ಲಕ್ಷ. ಅಂಥವರ ಮನೆಯವರಿಗೆ ಐಸಿಯು ಬಾಗಿಲಲ್ಲಿ "ಯಾವ ಇಂಜೆಕ್ಷನ್ನೂ ಹಿಡಿಯುತ್ತಿಲ್ಲ" ಎಂದು ಹೇಳುವುದು ವೈದ್ಯರ ಪಾಲಿಗೆ ಬರುತ್ತದೆ, ಔಷಧದ ಅಂಗಡಿಯ ವಹಿ ನೋಡಬೇಕಾದ ಅಧಿಕಾರಿಯ ಪಾಲಿಗಲ್ಲ. ಆ ವಹಿ ತೆರೆದು ನೋಡಿರಿ. ಚರಂಡಿ ನೀರನ್ನು ಹಳ್ಳಕ್ಕೆ ಬೀಳುವ ಮೊದಲು ಶುದ್ಧ ಮಾಡಿರಿ, ಮಾಡಿದ್ದನ್ನು ಪರೀಕ್ಷಿಸಿರಿ. ಇಷ್ಟಕ್ಕೆ ಇನ್ನೆಷ್ಟು ಸಭೆ ಬೇಕು?