ಕಡಲ ಕಣ್ಣಿನ ಶುಭೋದಯ

ಬೆಳಗಾಗುತ್ತಿದ್ದಂತೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಭಾವನವರ ಶುಭೋದಯ ಬಂದು ಬೀಳುತ್ತದೆ. ಮೊದಲೆಲ್ಲ ಗುಲಾಬಿ, ಸೂರ್ಯೋದಯ, ತಿರುಪತಿ ತಿಮ್ಮಪ್ಪ ಹೀಗೆ ಬದಲಾಗುತ್ತಿದ್ದ ಚಿತ್ರ, ಅಂಡಮಾನ್ ಪ್ರವಾಸ ಮುಗಿಸಿ ಬಂದ ಮೇಲೆ ಒಂದೇ ಆಗಿಬಿಟ್ಟಿದೆ: ಉದ್ದನೆಯ ಕಪ್ಪು ಮುಳ್ಳುಗಳ ನಡುವೆ ಕಿತ್ತಳೆ ಬಣ್ಣದ ಉಂಗುರದೊಳಗಿಂದ ದಿಟ್ಟಿಸುವ ಒಂದು ಕಣ್ಣು. ಕೆಳಗೆ ‘ಕಡಲ ಕಣ್ಣು ಎಲ್ಲವನ್ನೂ ನೋಡುತ್ತಿದೆ’ ಎಂಬ ಒಕ್ಕಣೆ. ಚಿಕ್ಕಪ್ಪ, ಸೋದರತ್ತೆ, ಮೈಸೂರಿನ ದೊಡ್ಡಮ್ಮ ಸರದಿಯ ಪ್ರಕಾರ ಕೈಮುಗಿಯುತ್ತಾರೆ. ಆ ಹೊತ್ತಿನಲ್ಲಿ ನಾನು ಹಿಮ್ಮಡಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟುಕೊಂಡು ಹಲ್ಲು ಕಡಿಯುತ್ತಿರುತ್ತೇನೆ.

ಆ ಪ್ರಾಣಿ ಉದ್ದ ಮುಳ್ಳಿನ ಸೀ ಅರ್ಚಿನ್, ಅಂದರೆ ಮೈತುಂಬ ಮುಳ್ಳಿರುವ, ಚೆಂಡಿನಾಕಾರದ ಕಡಲಜೀವಿ. ಪ್ರಾಣಿಶಾಸ್ತ್ರಜ್ಞರ ಡಯಡೆಮಾ ಸೆಟೋಸಮ್. ಅಂಡಮಾನಿನ ಶಹೀದ್ ದ್ವೀಪದಲ್ಲಿ ಕಡಲಿನ ಇಳಿತದ ಹೊತ್ತಿಗೆ ಬಂಡೆಗಳ ನಡುವೆ ನಿಂತ ನೀರಿನಲ್ಲಿ ಗೈಡು ಅದನ್ನು ತೋರಿಸಿದ. ಬಿಸಿಲಿಗೆ ಮೊಬೈಲಿನ ಪರದೆ ಕಾಣುತ್ತಿಲ್ಲವೆಂದು ಭಾವನವರು ನನ್ನನ್ನು ನೆರಳು ಬೀಳುವಂತೆ ಅಡ್ಡ ನಿಲ್ಲಿಸಿದರು. ಈ ಅರ್ಚಿನ್‌ಗಳ ಚರ್ಮಕ್ಕೆ ಬೆಳಕು ಗೊತ್ತಾಗುತ್ತದೆ. ಮೇಲೆ ನೆರಳು ಬಿದ್ದರೆ, ತಿನ್ನಲು ಮೀನು ಬಂದಿತೆಂಬ ಲೆಕ್ಕದಲ್ಲಿ ಮುಳ್ಳುಗಳೆಲ್ಲ ಆ ಕಡೆಗೇ ತಿರುಗುತ್ತವೆ. ಹಾಗೆ ಅವು ನನ್ನ ಕಡೆ ತಿರುಗಿದ್ದನ್ನು ಕಂಡು ಭಾವನವರು, “ನೋಡಯ್ಯಾ, ನಿನಗೆ ನಮಸ್ಕಾರ ಮಾಡ್ತಾ ಇದೆ, ಇನ್ನೂ ಸ್ವಲ್ಪ ಮುಂದೆ ಬಾ” ಎಂದರು. ಮುಂದಿನ ಬಂಡೆಯ ಮೇಲೆ ಪಾಚಿ ಇತ್ತು. ಮುಂದಿನದನ್ನು ವಿವರಿಸಬೇಕಾಗಿಲ್ಲ.

ಈ ಮುಳ್ಳು ಒಳಗೆ ಟೊಳ್ಳು, ಬಲು ಪೆಡಸು. ಹಿಡಿದೆಳೆದರೆ ಅರ್ಧ ಕೈಗೆ ಬಂದು ಅರ್ಧ ಮಾಂಸದಲ್ಲೇ ಉಳಿಯುತ್ತದೆ. ಮುಳ್ಳು ಹೋದರೂ ಅದರ ಕಪ್ಪು ಬಣ್ಣ ಚರ್ಮದಡಿ ಹಚ್ಚೆಯಾಗಿ ನಿಲ್ಲುವುದರಿಂದ, ಒಳಗೆ ಇರುವುದು ಮುಳ್ಳೋ ಬರೀ ಕಲೆಯೋ ಎಂದು ವೈದ್ಯರೂ ಅನುಮಾನಿಸುತ್ತಾರೆ. ಅತ್ತೆ ಎಕ್ಕದ ಹಾಲು ಹಚ್ಚು ಎನ್ನುತ್ತಾರೆ, ದೊಡ್ಡಮ್ಮ ಬಿಸಿ ಬೆಲ್ಲ ಕಟ್ಟು ಎನ್ನುತ್ತಾರೆ. ಭಾವನವರ ಸಲಹೆಯನ್ನು ಮರ್ಯಾದೆಯ ದೃಷ್ಟಿಯಿಂದ ಬರೆಯಲಾರೆ.

ನನ್ನನ್ನು ಸುಡುತ್ತಿರುವುದು ಕಾಲಿನ ಮುಳ್ಳಿಗಿಂತ ಹೆಚ್ಚಾಗಿ ಗೈಡು ನನ್ನ ಕಿವಿಯಲ್ಲಿ ಹೇಳಿದ ಸತ್ಯ. ಅರ್ಚಿನ್‌ಗೆ ಕಣ್ಣೇ ಇಲ್ಲ. ಬಾಯಿ ಕೆಳಗಡೆ, ಬಂಡೆಗೆ ಅಂಟಿದಂತೆ ಇರುತ್ತದೆ. ಅಲ್ಲಿನ ಐದು ಹಲ್ಲುಗಳಿಂದ ಪಾಚಿಯನ್ನು ಕೆರೆದು ತಿನ್ನುತ್ತದೆ. ತಿಂದದ್ದು ಹೊರಬೀಳಬೇಕಾದ ದ್ವಾರ ಮಾತ್ರ ನೆತ್ತಿಯ ಮೇಲೆ, ಅದರ ಸುತ್ತಲೇ ಆ ಚೆಂದದ ಕಿತ್ತಳೆ ಉಂಗುರ. ನಮ್ಮ ಇಡೀ ಬಂಧುವರ್ಗ ಸ್ನಾನಕ್ಕೂ ಮೊದಲು ಕೈಮುಗಿಯುತ್ತಿರುವುದು ಅದಕ್ಕೆ. ಅಕ್ಕನ ಗಂಡ, ಹಿರಿಯರು, ಮೇಲಾಗಿ ಗುಂಪಿನ ಅಡ್ಮಿನ್. ಇದನ್ನು ಹೇಳುವುದಾದರೂ ಹೇಗೆ? “ಭಾವ, ಅದು ಕಣ್ಣಲ್ಲ” ಎಂದು ಒಮ್ಮೆ ಆರಂಭಿಸಿದೆ. “ಹೌದು, ಅದು ದೃಷ್ಟಿ” ಎಂದು ತಿದ್ದಿದರು. ಆ ತಿದ್ದುಪಡಿ ಮರುದಿನದ ಒಕ್ಕಣೆಯಲ್ಲಿ ಸೇರಿಕೊಂಡಿತು. ಕಳೆದ ವಾರ ದೊಡ್ಡಮ್ಮ ಚಿತ್ರವನ್ನು ದೊಡ್ಡದು ಮಾಡಿ ನೋಡಿ, “ಎಷ್ಟು ಕರುಣೆ ತುಂಬಿದೆ” ಎಂದು ಬರೆದರು.

ಅರ್ಚಿನ್ ಮೇಲೆ ಮಾತ್ರ ಸಿಟ್ಟು ಉಳಿಯುತ್ತಿಲ್ಲ. ಬಕೆಟ್ಟಿನಲ್ಲಿ ಕಾಲಿಟ್ಟು ಓದುವುದಕ್ಕೆ ಬೇಕಾದಷ್ಟು ಸಮಯ ಸಿಗುತ್ತದಲ್ಲ. ಅದರ ಮುಳ್ಳುಗಳ ಸಂದಿಯಲ್ಲಿ ಕಾರ್ಡಿನಲ್ ಮೀನಿನ ಮರಿಗಳು ಬಾಡಿಗೆಯಿಲ್ಲದೆ ವಾಸಿಸುತ್ತವೆ. ರೇಜರ್ ಮೀನು ತಲೆಕೆಳಗಾಗಿ ನಿಂತು ತಾನೂ ಒಂದು ಮುಳ್ಳೆಂಬಂತೆ ನಟಿಸುತ್ತದೆ. ಇಷ್ಟು ಜನರಿಗೆ ನೆರಳಾದ ಅರ್ಚಿನ್ ಅನ್ನು ಟ್ರಿಗರ್ ಮೀನು ಬಾಯಿಂದ ನೀರು ಊದಿ ಮಗುಚಿ ಹಾಕಿ, ಮುಳ್ಳು ಗಿಡ್ಡವಿರುವ ಹೊಟ್ಟೆಯ ಕಡೆಯಿಂದ ತಿಂದು ಮುಗಿಸುತ್ತದೆ. 1983ರಲ್ಲಿ ಪನಾಮಾದ ಬಳಿ ಶುರುವಾದ ಯಾವುದೋ ರೋಗ, ಸುಮಾರು ಒಂದು ವರ್ಷದೊಳಗೆ ಕೆರಿಬಿಯನ್ ಸಮುದ್ರದ ಉದ್ದ ಮುಳ್ಳಿನ ಅರ್ಚಿನ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚನ್ನು ಕೊಂದಿತು. ಕೆರೆದು ತಿನ್ನುವವರಿಲ್ಲದೆ ಜಮೈಕಾದ ಹವಳ ದಿಬ್ಬಗಳನ್ನು ಪಾಚಿ ಮುಚ್ಚಿತು. 2022ರಲ್ಲಿ ಅಲ್ಲಿ ಮತ್ತೆ ಸಾವು. ಈ ಬಾರಿ ಕಾರಣ ಒಂದು ಏಕಕೋಶ ಜೀವಿ ಎಂದು ಪತ್ತೆಯಾಯಿತು. ಮರುವರ್ಷ ಅದೇ ಪಿಡುಗು ಕೆಂಪು ಸಮುದ್ರದ ಅಕಾಬಾ ಕೊಲ್ಲಿಯಲ್ಲಿ ಕಾಣಿಸಿಕೊಂಡಾಗ ಸತ್ತದ್ದು ನನ್ನ ಕಾಲಿಗೆ ಚುಚ್ಚಿದ ಜಾತಿಯೇ. ಒಂದೆರಡು ದಿನಗಳಲ್ಲಿ ಮುಳ್ಳೆಲ್ಲ ಉದುರಿ ಬೋಳು ಬುರುಡೆಯಷ್ಟೇ ಉಳಿಯುತ್ತದೆಯಂತೆ. ಅದನ್ನು ಓದಿದ ದಿನ ಶಹೀದ್ ದ್ವೀಪದ ಆ ಮಡುವನ್ನು ನೆನೆದು, ಅಲ್ಲಿಯದು ಕ್ಷೇಮವಾಗಿರಲಿ, ಬೇಕಾದರೆ ಇನ್ನೊಬ್ಬರಿಗೆ ಚುಚ್ಚಲಿ ಎಂದುಕೊಂಡೆ.

ಭಾವನವರ ಹೊಸ ಮನೆಯ ಗೃಹಪ್ರವೇಶ ಮುಂದಿನ ತಿಂಗಳು. ಮುಂಬಾಗಿಲಿನ ಮೇಲೆ ಬೂದುಗುಂಬಳದ ಬದಲು ಆ ಚಿತ್ರವನ್ನೇ ಎರಡಡಿ ಅಗಲಕ್ಕೆ ಮಾಡಿಸಿ, ಚೌಕಟ್ಟು ಹಾಕಿಸಿ ತೂಗುಹಾಕಲು ನಿಶ್ಚಯಿಸಿದ್ದಾರೆ. ಯಾರ ಕೆಟ್ಟ ದೃಷ್ಟಿಯೂ ತಾಗುವುದಿಲ್ಲವಂತೆ. ತೆಗೆದ ದಿನ ನೆರಳು ಹಿಡಿದವನು ನಾನಾದ್ದರಿಂದ, ಅನಾವರಣವನ್ನೂ ನಾನೇ ಮಾಡಬೇಕೆಂದು ನಿನ್ನೆ ಅಕ್ಕನ ಕೈಯಲ್ಲಿ ಹೇಳಿ ಕಳುಹಿಸಿದ್ದಾರೆ.